ಮುಖಕ್ಕೆ ಪೀಲಿಂಗ್ ಜೆಲ್: ನಮ್ಮ ಸೆಖೆಯ ಊರಲ್ಲಿ ಆರಿಸುವುದು ಹೇಗೆ, ಹಚ್ಚುವುದು ಹೇಗೆ

ಮಂಗಳೂರಿನ ಮಾಲ್‌ಗಳಲ್ಲಿ ಕಾಸ್ಮೆಟಿಕ್ಸ್ ಕೌಂಟರ್ ಹತ್ತಿರ ಸುತ್ತಾಡಿದವರು ಈ ಆಟ ನೋಡಿರುತ್ತಾರೆ. ಕೌಂಟರಿನವರು ನಿಮ್ಮ ಅಂಗೈ ತಿರುಗಿಸಿ, ಕೈಯ ಹಿಂಬದಿಗೆ ಕಡ್ಲೆ ಗಾತ್ರದಷ್ಟು ಜೆಲ್ ಹಾಕಿ, ಬೆರಳಲ್ಲಿ ಮೆತ್ತಗೆ ತಿರುಗಿಸುತ್ತಾರೆ. ಸ್ವಲ್ಪ ಹೊತ್ತಲ್ಲಿ ಬೂದು ಬಣ್ಣದ ಸಣ್ಣ ಸಣ್ಣ ಸುರುಳಿಗಳು ಎದ್ದು ಬರುತ್ತವೆ. "ನೋಡಿ ಮೇಡಂ, ಎಷ್ಟು ಡೆಡ್ ಸ್ಕಿನ್!" ಪಕ್ಕದಲ್ಲಿ ನಿಂತವರೂ ಇಣುಕಿ ನೋಡುತ್ತಾರೆ. ಆ ನಾಚಿಕೆಯಲ್ಲೇ ಟ್ಯೂಬ್ ಬಿಲ್ ಆಗುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಆ ಸುರುಳಿಯಲ್ಲಿ ಹೆಚ್ಚಿನದು ನಿಮ್ಮ ಚರ್ಮ ಅಲ್ಲ, ಜೆಲ್ಲೇ. ಇದು ಗೊತ್ತಿದ್ದರೆ ಮುಂದಿನ ಎಷ್ಟೋ ತಪ್ಪು ತಾನಾಗಿ ತಪ್ಪುತ್ತದೆ.

ಸುರುಳಿ ಎಲ್ಲಿಂದ ಬರುತ್ತದೆ?

ಜೆಲ್ ಗಟ್ಟಿಯಾಗಿ ನಿಲ್ಲಲು ಕಾರ್ಬೋಮರ್ ಅಂತ ಒಂದು ವಸ್ತು ಹಾಕಿರುತ್ತಾರೆ. ಅದರದ್ದು ಋಣ ವಿದ್ಯುದಂಶ. ಜೊತೆಗೆ ಸ್ಟಿಯರ್‌ಟ್ರೈಮೋನಿಯಂ ಕ್ಲೋರೈಡ್, ಸೆಟ್ರಿಮೋನಿಯಂ ಕ್ಲೋರೈಡ್ ಥರದ್ದು ಯಾವುದಾದರೂ ಇರುತ್ತದೆ. ಇವು ಧನ ವಿದ್ಯುದಂಶದವು, ತಲೆಗೆ ಹಾಕುವ ಕಂಡಿಷನರ್‌ನಲ್ಲೂ ಇವೆ. ಉಜ್ಜಿದಾಗ ಎರಡೂ ಒಂದಕ್ಕೊಂದು ಅಂಟಿಕೊಂಡು ಉಂಡೆಗಟ್ಟುತ್ತವೆ. ಇನ್ನು ಕೆಲವು ಜೆಲ್‌ಗಳಲ್ಲಿ ಸೆಲ್ಯುಲೋಸ್, ಅಂದರೆ ಗಿಡದ ನಾರು, ಇದೇ ಕೆಲಸ ಮಾಡುತ್ತದೆ. ಪೆನ್ಸಿಲ್ ಗೆರೆ ಅಳಿಸುವಾಗ ಬರುವ ಕಸದಲ್ಲಿ ಕಾಗದಕ್ಕಿಂತ ರಬ್ಬರೇ ಜಾಸ್ತಿ ಅಲ್ವಾ, ಇದೂ ಹಾಗೇ. ಆ ಉಜ್ಜಾಟದಲ್ಲಿ ಸಡಿಲವಾಗಿದ್ದ ಸತ್ತ ಚರ್ಮ ಒಂದಿಷ್ಟು ಹೋಗುವುದು ನಿಜ. ಬೂದು ಬಣ್ಣ ಬರುವುದು ಮುಖದ ಧೂಳು, ಉಳಿದ ಸನ್‌ಸ್ಕ್ರೀನ್, ಎಣ್ಣೆ ಸೇರಿ.

ನಂಬಿಕೆ ಬರದಿದ್ದರೆ ತೊಳೆದು ಒರೆಸಿದ ಸ್ಟೀಲ್ ತಟ್ಟೆಯ ಮೇಲೆ ಚೂರು ಜೆಲ್ ಹಾಕಿ ಬೆರಳಲ್ಲಿ ಉಜ್ಜಿ. ಎಲ್ಲ ಜೆಲ್‌ಗಳೂ ಅಲ್ಲ, ಆದರೆ ಕೆಲವು ತಟ್ಟೆಯ ಮೇಲೂ ಚೆಂದದ ಸುರುಳಿ ಬಿಡುತ್ತವೆ. ಊಟದ ತಟ್ಟೆಗೆ ಡೆಡ್ ಸ್ಕಿನ್ ಎಲ್ಲಿಂದ ಬರಬೇಕು?

ಇದನ್ನು ಇಷ್ಟು ಉದ್ದಕ್ಕೆ ಹೇಳಲು ಕಾರಣ ಉಂಟು. ಸುರುಳಿ ಅಂದರೆ ಕೊಳೆ ಅಂತ ನಂಬಿದವರು, ಸುರುಳಿ ನಿಲ್ಲುವ ತನಕ ಉಜ್ಜುತ್ತಾರೆ. ಅದು ನಿಲ್ಲುವುದಿಲ್ಲ. ಜೆಲ್ ಇರುವ ತನಕ ಬರುತ್ತಲೇ ಇರುತ್ತದೆ. ಮತ್ತೆ ಒಂದು ಸಲ ಜೆಲ್ ಹಾಕಿದರೆ ಮತ್ತೆ ಬರುತ್ತದೆ. ಕೊನೆಗೆ ಉಳಿಯುವುದು ಕೆಂಪಾದ ಕೆನ್ನೆ.

ಚರ್ಮ ತನ್ನ ಸತ್ತ ಪದರವನ್ನು ತಾನೇ ಉದುರಿಸುತ್ತದೆ. ಹರೆಯದವರಲ್ಲಿ ಮೇಲಿನ ಚರ್ಮ ಹೊಸದಾಗಲು ಸುಮಾರು 28 ದಿನ ಬೇಕು, ವಯಸ್ಸಾದ ಹಾಗೆ ಇನ್ನೂ ನಿಧಾನ. ಸತ್ತದ್ದು ಅಂದ ಮಾತ್ರಕ್ಕೆ ಅದು ಕಸ ಅಲ್ಲ. ಒಳಗಿನ ನೀರು ಹೊರಗೆ ಹೋಗದಂತೆ, ಹೊರಗಿನ ಕೀಟಾಣು, ಕೆಮಿಕಲ್ ಒಳಗೆ ಬರದಂತೆ ತಡೆಯುವುದು ಅದೇ ಪದರ. ಎಕ್ಸ್‌ಫೋಲಿಯೇಟಿಂಗ್ ಜೆಲ್‌ನ ಕೆಲಸ ಮೇಲೆ ಸಡಿಲವಾಗಿ ಕೂತದ್ದನ್ನು ತೆಗೆಯುವುದು. ಅಷ್ಟೇ.

ಯಾವ ಜೆಲ್ ತೆಗೆದುಕೊಳ್ಳುವುದು?

ಅಂಗಡಿಯಲ್ಲಿ ಎಲ್ಲದಕ್ಕೂ ಒಂದೇ ಹೆಸರು: ಎಕ್ಸ್‌ಫೋಲಿಯೇಟರ್. ಒಳಗೆ ಬೇರೆ ಬೇರೆ ಜಾತಿ.

ಮರಳಿನಂತೆ ಕಾಳು ಇರುವ ಸ್ಕ್ರಬ್ ಜೆಲ್ ಮುಖಕ್ಕೆ ಬೇಡ. ಅಕ್ರೋಟ್ ಚಿಪ್ಪಿನ ಪುಡಿ, ಏಪ್ರಿಕಾಟ್ ಬೀಜದ ಪುಡಿ ಚೂಪಾಗಿರುತ್ತದೆ. ಹಿಮ್ಮಡಿಗೆ ಬೇಕಾದರೆ ಇಟ್ಟುಕೊಳ್ಳಿ. ಪ್ಲಾಸ್ಟಿಕ್ ಕಾಳು ಇರುವುದಂತೂ ತೆಗೆದುಕೊಳ್ಳಲೇಬೇಡಿ. ನಮ್ಮ ಬಚ್ಚಲಿನ ನೀರು ಕೊನೆಗೆ ಸೇರುವುದು ಪಣಂಬೂರು, ಮಲ್ಪೆಯ ಕಡಲಿಗೇ.

ಸುರುಳಿ ಬರುವ ಪೀಲಿಂಗ್ ಜೆಲ್ ಸಾಮಾನ್ಯವಾಗಿ ಮೆದು. ಹೊಸಬರಿಗೆ ಇದು ಸಾಕು. ಆದರೆ ಹೆಸರು ನೋಡಿ ಮೋಸ ಹೋಗಬೇಡಿ. ಎಷ್ಟೋ ಪೀಲಿಂಗ್ ಜೆಲ್‌ಗಳ ಒಳಗೆ ಆ್ಯಸಿಡ್ ಕೂಡ ಸೇರಿಸಿರುತ್ತಾರೆ. ಟ್ಯೂಬಿನ ಹಿಂದೆ ಸಣ್ಣ ಅಕ್ಷರದಲ್ಲಿ ಗ್ಲೈಕಾಲಿಕ್, ಲ್ಯಾಕ್ಟಿಕ್, ಸ್ಯಾಲಿಸಿಲಿಕ್ ಅಂತ ಇದೆಯಾ ನೋಡಿ. ಇದ್ದರೆ ಅದನ್ನು ಆ್ಯಸಿಡ್ ಜೆಲ್ ಅಂತಲೇ ಲೆಕ್ಕ ಹಾಕಿ.

ಆ್ಯಸಿಡ್ ಅಂದ ಕೂಡಲೇ ಹೆದರಬೇಕಿಲ್ಲ. ಇವು ಸತ್ತ ಕೋಶಗಳ ನಡುವಿನ ಅಂಟನ್ನು ಸಡಿಲ ಮಾಡುತ್ತವೆ, ಉಜ್ಜುವ ಅಗತ್ಯವೇ ಇಲ್ಲ. ಗ್ಲೈಕಾಲಿಕ್ ಇವುಗಳಲ್ಲಿ ತೀರಾ ಸಣ್ಣ ಕಣದ್ದು. ಬೇಗ ಒಳಗಿಳಿಯುತ್ತದೆ, ಉರಿಯೂ ಜಾಸ್ತಿ. ಮೊಸರಲ್ಲಿರುವ ಲ್ಯಾಕ್ಟಿಕ್ ಸ್ವಲ್ಪ ಮೆದು. ಮ್ಯಾಂಡೆಲಿಕ್ ಕಣ ದೊಡ್ಡದು, ನಿಧಾನ. ಗ್ಲುಕೋನೊಲ್ಯಾಕ್ಟೋನ್ ಅಂತ ಇನ್ನೊಂದಿದೆ, ಸೂಕ್ಷ್ಮ ಚರ್ಮದವರು ಅದನ್ನು ಹುಡುಕಬಹುದು. ಸ್ಯಾಲಿಸಿಲಿಕ್ ಮಾತ್ರ ಬೇರೆ ಸ್ವಭಾವದ್ದು. ಅದು ಎಣ್ಣೆಯಲ್ಲಿ ಕರಗುತ್ತದೆ, ಹಾಗಾಗಿ ಎಣ್ಣೆ ಕಟ್ಟಿದ ರಂಧ್ರದೊಳಗೆ ಹೋಗಿ ಕೆಲಸ ಮಾಡುತ್ತದೆ. ಮೂಗಿನ ಮೇಲೆ ಬ್ಲ್ಯಾಕ್‌ಹೆಡ್, ಹಣೆಯಲ್ಲಿ ಸಣ್ಣ ಗುಳ್ಳೆ ಇರುವ ಎಣ್ಣೆ ಮುಖದವರಿಗೆ ಇದು ಹೊಂದುತ್ತದೆ. ಮೊಡವೆಗೆ ಅಂತ ಸಿಗುವುದರಲ್ಲಿ ಸಾಮಾನ್ಯವಾಗಿ 0.5ರಿಂದ 2 ಶೇಕಡಾ ಇರುತ್ತದೆ, ಅದಕ್ಕಿಂತ ಮೇಲೆ ಹೋಗುವ ಅಗತ್ಯ ಇಲ್ಲ.

ಗ್ಲೈಕಾಲಿಕ್, ಲ್ಯಾಕ್ಟಿಕ್ ಗುಂಪಿನದ್ದಾದರೆ ಮಿತಿ ಎಷ್ಟು? ಅಮೆರಿಕದ ಕಾಸ್ಮೆಟಿಕ್ ಪರಿಣತರ ಸಮಿತಿ 1998ರಲ್ಲೇ ಹೇಳಿದ ಲೆಕ್ಕ ಇದೆ: ಮನೆ ಬಳಕೆಯ ವಸ್ತುವಿನಲ್ಲಿ 10 ಶೇಕಡಾ ಮೀರಬಾರದು, ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಆಮ್ಲ ಜೋರು) 3.5ಕ್ಕಿಂತ ಕೆಳಗೆ ಇರಬಾರದು, ಜೊತೆಗೆ ಬಿಸಿಲಿನಿಂದ ರಕ್ಷಣೆ ಬೇಕು. ಮೊದಲ ಸಲದವರಿಗೆ ಲ್ಯಾಕ್ಟಿಕ್ 5 ಶೇಕಡಾ ಧಾರಾಳ. ಆನ್‌ಲೈನ್‌ನಲ್ಲಿ 20, 30 ಶೇಕಡಾದ ಬಾಟಲಿ ಸಲೀಸಾಗಿ ಸಿಗುತ್ತದೆ. ಅದು ಚರ್ಮದ ಡಾಕ್ಟರು ಎದುರು ಕೂತು ಮಾಡುವ ಕೆಲಸ. ಇಂಥ ಕೆಮಿಕಲ್ ಪೀಲ್‌ಗಳನ್ನು ಡಾಕ್ಟರ ಮೇಲ್ವಿಚಾರಣೆ ಇಲ್ಲದೆ ಕೊಳ್ಳಬೇಡಿ, ಬಳಸಬೇಡಿ ಅಂತ ಅಮೆರಿಕದ ಆಹಾರ, ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಜುಲೈಯಲ್ಲಿ ಎಚ್ಚರಿಕೆ ಕೊಟ್ಟಿತ್ತು. ನಮ್ಮಂಥ ಕಂದು ಚರ್ಮದವರಿಗೆ ಇದು ಇನ್ನೂ ಮುಖ್ಯ. ನಮ್ಮ ಚರ್ಮ ಸುಟ್ಟರೆ, ಕೆರಳಿದರೆ, ವಾಸಿಯಾದ ಮೇಲೆ ಕಪ್ಪು ಕಲೆ ಬಿಟ್ಟು ಹೋಗುತ್ತದೆ. ಕಲೆ ತೆಗೆಯಲು ಹೋಗಿ ಕಲೆ ತಂದುಕೊಂಡ ಹಾಗೆ ಆಗುತ್ತದೆ.

ಎಂಜೈಮ್ ಜೆಲ್‌ಗಳೂ ಬರುತ್ತವೆ. ಬಪ್ಪಂಗಾಯಿಯ (ಪಪ್ಪಾಯಿಯ) ಪಪೈನ್, ಅನಾನಸಿನ ಬ್ರೊಮೆಲೈನ್. ಒಳ್ಳೆಯವೇ, ಮೆದು ಕೂಡ. ಬಲೂನ್, ರಬ್ಬರ್ ಗ್ಲೌಸ್ ತಾಗಿದರೆ ತುರಿಕೆ ಬರುವವರು ಪಪೈನ್ ಇರುವುದರಿಂದ ದೂರ ಇರಿ.

ಟ್ಯೂಬಿನ ಹಿಂಬದಿ

ಬೆಲೆ ನೋಡುವ ಮೊದಲು ಟ್ಯೂಬ್ ತಿರುಗಿಸಿ. ನಮ್ಮ ದೇಶದ 2020ರ ಕಾಸ್ಮೆಟಿಕ್ಸ್ ನಿಯಮದ ಪ್ರಕಾರ ತಯಾರಕರ ಹೆಸರು, ವಿಳಾಸ, ಬ್ಯಾಚ್ ನಂಬರ್, ಯಾವಾಗಿನ ಒಳಗೆ ಬಳಸಬೇಕು ಅನ್ನುವುದು, ಒಳಗೇನಿದೆ ಅನ್ನುವ ಪಟ್ಟಿ ಎಲ್ಲ ಇರಬೇಕು. ಇಲ್ಲಿ ತಯಾರಾದದ್ದಕ್ಕೆ ತಯಾರಿಕಾ ಲೈಸೆನ್ಸ್ ನಂಬರ್. ಹೊರದೇಶದ್ದಾದರೆ ಆಮದು ಮಾಡಿದವರ ವಿಳಾಸ, ನೋಂದಣಿ ನಂಬರ್.

ಕರಾವಳಿಯಲ್ಲಿ ಒಂದು ವಿಶೇಷ ಸಮಸ್ಯೆ ಉಂಟು. ನಮ್ಮಲ್ಲಿ ಅರ್ಧಕ್ಕರ್ಧ ಮನೆಯ ಕಪಾಟಿನಲ್ಲಿ ಗಲ್ಫಿಂದ ಬಂದ ಟ್ಯೂಬ್ ಒಂದಾದರೂ ಇರುತ್ತದೆ. ದುಬೈಯ ಭಾವ, ಕುವೈತ್‌ನ ಚಿಕ್ಕಪ್ಪ ಸೂಟ್‌ಕೇಸಲ್ಲಿ ತಂದದ್ದು. ಪ್ರೀತಿಯಿಂದ ತಂದದ್ದೇ, ಬೇಡ ಅನ್ನಲು ಮನಸ್ಸು ಬರುವುದಿಲ್ಲ. ಆದರೆ ಅರಬಿ ಅಥವಾ ಕೊರಿಯನ್ ಲಿಪಿ ಮಾತ್ರ ಇದ್ದು, ಒಳಗೇನಿದೆ ಅಂತ ಓದಲು ಬಾರದಿದ್ದರೆ ಅದು ಮುಖಕ್ಕೆ ಬೇಡ. ಕೊರಿಯಾದ ಟ್ಯೂಬಲ್ಲಿ ದಿನಾಂಕ ವರ್ಷದಿಂದ ಶುರುವಾಗುತ್ತದೆ. ಕೆಲವು ಸಲ ಅಲ್ಲಿ ಅಚ್ಚಾಗಿರುವುದು ತಯಾರಾದ ದಿನ, ಮುಗಿಯುವ ದಿನ ಅಲ್ಲ. ಇನ್ನೂ ಟೈಮ್ ಉಂಟು ಅಂತ ಅಂದುಕೊಳ್ಳುವ ಮೊದಲು ಇದನ್ನು ನೋಡಿ. ಮುಚ್ಚಳ ತೆರೆದ ಡಬ್ಬಿಯ ಚಿತ್ರದೊಳಗೆ 6 ಅಥವಾ 12 ಅಂತ ಅಂಕಿ ಇದ್ದರೆ, ತೆರೆದ ಮೇಲೆ ಅಷ್ಟು ತಿಂಗಳು ಮಾತ್ರ ಅಂತ ಲೆಕ್ಕ. ಟ್ಯೂಬಿನ ಮೇಲೆ ಪೆನ್ನಲ್ಲಿ ತೆರೆದ ತಿಂಗಳು ಬರೆದಿಟ್ಟರೆ ಸುಲಭ.

ಪರಿಮಳ, ಮೆಂಥಾಲ್ ಇಲ್ಲದ್ದು ಸಿಕ್ಕರೆ ಅದನ್ನೇ ಆರಿಸಿ. ಮೆಂಥಾಲ್ ಹಚ್ಚಿದಾಗ ತಣ್ಣಗೆ ಹಾಯ್ ಅನಿಸುತ್ತದೆ. ಆ ತಂಪಿನಲ್ಲಿ ಉರಿ ಶುರುವಾದದ್ದು ಬೇಗ ಗೊತ್ತಾಗುವುದಿಲ್ಲ.

ಯಾರಿಗೆ ಬೇಡ, ಯಾವಾಗ ಬೇಡ

ಎಕ್ಸಿಮಾ, ಕೀವು ತುಂಬಿದ ಮೊಡವೆ, ತುಟಿಯ ಬದಿಯ ಜ್ವರದ ಗುಳ್ಳೆ, ಬಿಸಿಲಿಗೆ ಸುಟ್ಟ ಮುಖ, ತೆರೆದ ಗಾಯ ಇದ್ದರೆ ಈಗ ಬೇಡ. ಏಪ್ರಿಲ್, ಮೇಯಲ್ಲಿ ಮಾವಿನ ಸೊನೆ ತಾಗಿ ತುಟಿ, ಗಲ್ಲ ಸುಟ್ಟುಕೊಳ್ಳುವವರು ಇರುತ್ತಾರೆ. ಆ ಸಿಪ್ಪೆ ಏಳುವುದನ್ನು ಜೆಲ್ ಹಾಕಿ ತೆಗೆಯಲು ಹೋಗಬೇಡಿ, ತಾನಾಗಿ ಬಿದ್ದು ಹೋಗಲಿ.

ಮೊಡವೆಗೆ ಐಸೊಟ್ರೆಟಿನೋಯಿನ್ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಏನೂ ಹಚ್ಚಬೇಡಿ. ರಾತ್ರಿ ಅಡಾಪಲೀನ್, ಟ್ರೆಟಿನೋಯಿನ್, ರೆಟಿನಾಲ್ ಹಚ್ಚುವವರಿಗೆ ಅದೇ ಸಾಕು, ಮೇಲಿಂದ ಇದು ಬೇಡ. ಆಸ್ಪಿರಿನ್ ಅಲರ್ಜಿ ಇದ್ದವರು ಸ್ಯಾಲಿಸಿಲಿಕ್ ಮುಟ್ಟಬೇಡಿ. ಬಸುರಿಯರು ಡಾಕ್ಟರನ್ನು ಕೇಳಿಯೇ ಮುಂದುವರಿಯಿರಿ.

ಇನ್ನೊಂದು ಗುಂಪಿನವರ ಬಗ್ಗೆ ನನಗೆ ಜಾಸ್ತಿ ಚಿಂತೆ. ಬಿಳಿ ಆಗಲಿಕ್ಕೆ ಅಂತ ಮೆಡಿಕಲ್ ಶಾಪಿನಿಂದ, ಪಾರ್ಲರಿನಿಂದ ಹೆಸರು ಸರಿಯಾಗಿ ಇಲ್ಲದ ಕ್ರೀಮ್ ತಂದು ತಿಂಗಳುಗಟ್ಟಲೆ ಹಚ್ಚುವವರು. ಹಚ್ಚಿ ನಾಲ್ಕೇ ದಿನದಲ್ಲಿ ಮುಖ ಫಳಫಳ, ಬಿಟ್ಟ ಕೂಡಲೇ ಉರಿ, ಕೆಂಪು, ಗುಳ್ಳೆ. ಹೀಗಾದರೆ ಒಳಗೆ ಸ್ಟಿರಾಯ್ಡ್ ಇರುವ ಸಾಧ್ಯತೆ ಜಾಸ್ತಿ. 2018ರಲ್ಲಿ ಹಲವು ಸ್ಟಿರಾಯ್ಡ್ ಕ್ರೀಮ್‌ಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿದ್ದಾರೆ. ಇದನ್ನು ಹಚ್ಚಿದವರ ಚರ್ಮ ಆಗಲೇ ತೆಳುವಾಗಿರುತ್ತದೆ. ಅದರ ಮೇಲೆ ಎಕ್ಸ್‌ಫೋಲಿಯೇಟರ್ ಹಾಕಿದರೆ ಕತೆ ಕೆಡುತ್ತದೆ. ಮೊದಲು ಚರ್ಮದ ಡಾಕ್ಟರ ಹತ್ತಿರ ಹೋಗಿ.

ಬಂಗು, ಚಿಬ್ಬು ಜೆಲ್‌ನಿಂದ ಹೋಗುವುದಿಲ್ಲ. ಚಿಬ್ಬು ಫಂಗಸ್‌ನಿಂದ ಬರುವುದು, ನಮ್ಮ ಸೆಖೆಗೂ ಅದಕ್ಕೂ ಬಲು ದೋಸ್ತಿ. ಉಜ್ಜಿದರೆ ಹೋಗುವ ಕೊಳೆ ಅದಲ್ಲ, ಔಷಧಿ ಬೇಕು. ಬಂಗು ಉಜ್ಜಿದಷ್ಟೂ ಗಾಢವಾಗಬಹುದು. ಎಂಟು ಹತ್ತು ವರ್ಷದ ಮಕ್ಕಳಿಗೆ ಈ ಯಾವುದೂ ಬೇಡ, ವಿಡಿಯೋ ನೋಡಿ ಹಟ ಹಿಡಿದರೂ ಬೇಡ.

ಮೊದಲು ಮೊಣಕೈಯಲ್ಲಿ

ಟ್ಯೂಬ್ ತಂದ ದಿನವೇ ಮುಖಕ್ಕೆ ಹಾಕಬೇಡಿ. ಮೊಣಕೈ ಮಡಚುವ ಒಳಬದಿಯಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಜಾಗಕ್ಕೆ ಹಚ್ಚಿ, ಲೇಬಲ್ ಹೇಳಿದಷ್ಟು ಹೊತ್ತು ಇಟ್ಟು ತೊಳೆಯಿರಿ. ದಿನಕ್ಕೊಂದು ಸಲ, ಅದೇ ಜಾಗಕ್ಕೆ, ಒಂದು ವಾರ. ಅಲರ್ಜಿ ಕೆಲವು ಸಲ ಮೊದಲ ದಿನ ಗೊತ್ತಾಗುವುದಿಲ್ಲ, ಮೂರು ನಾಲ್ಕು ದಿನ ಕಳೆದ ಮೇಲೆ ತುರಿಕೆ ಏಳುತ್ತದೆ. ಅದಕ್ಕೇ ಒಂದು ವಾರ. ಏನೂ ಆಗದಿದ್ದರೆ ಕಿವಿಯ ಕೆಳಗೆ ದವಡೆಯ ಬದಿಗೆ ಒಂದು ಸಲ ಹಚ್ಚಿ ನೋಡಿ. ಆಮೇಲೆ ಮುಖ.

ಹಚ್ಚುವ ಕ್ರಮ

ರಾತ್ರಿಯೇ ಮಾಡಿ. ಬೆಳಿಗ್ಗೆ ಹಚ್ಚಿ ಹಂಪನಕಟ್ಟೆಯ ಬಿಸಿಲಲ್ಲಿ ಬಸ್ಸಿಗೆ ಕಾಯುವುದಕ್ಕಿಂತ ದೊಡ್ಡ ತಪ್ಪು ಇಲ್ಲ.

ಕೈ ತೊಳೆಯಿರಿ. ಮೆದುವಾದ ಫೇಸ್‌ವಾಶ್‌ನಲ್ಲಿ ಮುಖ ತೊಳೆದು, ಹತ್ತಿ ಬಟ್ಟೆಯಲ್ಲಿ ಒತ್ತಿ ಒರೆಸಿ. ತಣ್ಣೀರು ಸಾಕು, ಬಿಸಿನೀರು ಬೇಡ.

ಈಗ ಐದು ನಿಮಿಷ ಫ್ಯಾನಿನ ಕೆಳಗೆ ಸುಮ್ನೆ ಕೂತುಕೊಳ್ಳಿ. ಇದು ಲೇಬಲ್‌ನಲ್ಲಿ ಇರುವುದಿಲ್ಲ, ಆದರೆ ನಮ್ಮೂರಿಗೆ ಇದು ಬೇಕೇ ಬೇಕು. ಒಣ ಮುಖಕ್ಕೆ ಹಚ್ಚಿ ಅಂತ ಪೀಲಿಂಗ್ ಜೆಲ್ ಮೇಲೆ ಬರೆದಿರುತ್ತಾರೆ. ನಮ್ಮಲ್ಲಿ ಮುಖ ಒರೆಸಿ ಬಚ್ಚಲು ಮನೆಯಿಂದ ಹೊರಗೆ ಬರುವಷ್ಟರಲ್ಲಿ ಮೇಲ್ದುಟಿ, ಹಣೆ ಮತ್ತೆ ಬೆವರಿರುತ್ತದೆ. ಕಾರ್ಬೋಮರ್‌ಗೆ ಉಪ್ಪು ಅಂದರೆ ಆಗುವುದಿಲ್ಲ. ಬೆವರಿನ ಉಪ್ಪು ತಾಗಿದ ಕೂಡಲೇ ಗಟ್ಟಿ ಜೆಲ್ ನೀರಾಗುತ್ತದೆ. ಸ್ವಲ್ಪ ನೀರಾಗುವುದು ಸಹಜ, ಬೆವರು ಜಾಸ್ತಿ ಇದ್ದರೆ ಪೂರ್ತಿ ಜಾರಿ ಕಣ್ಣಿಗೆ ಇಳಿಯುತ್ತದೆ. ಸುರುಳಿಯೂ ಬರುವುದಿಲ್ಲ. ಜೆಲ್ ಡೂಪ್ಲಿಕೇಟ್ ಅಂತ ಅಂಗಡಿಯವರ ಹತ್ತಿರ ಜಗಳಕ್ಕೆ ಹೋಗುವ ಮೊದಲು ಫ್ಯಾನಿನ ಕೆಳಗೆ ಒಣಗಿಸಿ ನೋಡಿ. ಬಿರು ಬೇಸಿಗೆಯಲ್ಲಿ ಕಡಲ ಬದಿಯ ಕೆಲವು ಬಾವಿಗಳ ನೀರು ಉಪ್ಪಾಗುತ್ತದೆ. ಅಂಥ ಮನೆಯವರು ಕೊನೆಯ ಸಲ ಒಂದು ಚೊಂಬು ಸಿಹಿನೀರಿನಲ್ಲಿ ಮುಖ ತೊಳೆದುಕೊಂಡರೆ ಒಳ್ಳೆಯದು.

ಅರ್ಧ ಟೀ ಚಮಚದಷ್ಟು ಜೆಲ್ ಸಾಕು. ಹಣೆ, ಎರಡು ಕೆನ್ನೆ, ಗಲ್ಲಕ್ಕೆ ಚುಕ್ಕಿ ಇಟ್ಟು ಹರಡಿ. ಕಣ್ಣಿನ ಸುತ್ತ, ತುಟಿಯ ಮೂಲೆ, ಮೂಗಿನ ಹೊಳ್ಳೆಯ ಬದಿ ಬಿಡಿ. ಈ ಜಾಗಗಳಲ್ಲಿ ಜೆಲ್ ಕೂತು ಉರಿಸುತ್ತದೆ. ಹತ್ತು ಸೆಕೆಂಡು ಬಿಟ್ಟು ಉಂಗುರ ಬೆರಳಲ್ಲಿ ತಿರುಗಿಸಿ. ಆ ಬೆರಳಿಗೆ ಬಲ ಕಮ್ಮಿ, ಅದೇ ಬೇಕಾದ್ದು. ಇಡೀ ಮುಖಕ್ಕೆ ಸೇರಿ ಅರ್ಧ ನಿಮಿಷ, ಹೆಚ್ಚೆಂದರೆ ಒಂದು ನಿಮಿಷ. ಸುರುಳಿ ಇನ್ನೂ ಬರುತ್ತಿದ್ದರೂ ನಿಲ್ಲಿಸಿ. ಮೂಗಿನ ಮೇಲೆ ಕಾಣುವ ಬೂದು ಚುಕ್ಕಿಗಳೆಲ್ಲ ಬ್ಲ್ಯಾಕ್‌ಹೆಡ್ ಅಲ್ಲ. ಹಲವು ಸಲ ಅದು ರಂಧ್ರದ ಸಹಜ ಎಣ್ಣೆ, ತೆಗೆದರೂ ಕೆಲವೇ ದಿನದಲ್ಲಿ ತುಂಬುತ್ತದೆ. ಅದರ ಹಿಂದೆ ಬೀಳಬೇಡಿ.

ಆ್ಯಸಿಡ್ ಜೆಲ್ ಆದರೆ ಉಜ್ಜುವುದೇ ಬೇಡ. ಮೊದಲು ಅದು ತೊಳೆಯುವುದೋ, ಹಚ್ಚಿ ಬಿಡುವುದೋ ಓದಿ. ತೊಳೆಯುವುದಾದರೆ ಮೊಬೈಲ್‌ನಲ್ಲಿ ಟೈಮರ್ ಇಡಿ. ಲೇಬಲ್ ಹೇಳಿದ್ದರ ಅರ್ಧ ಹೊತ್ತಿನಿಂದ ಶುರು ಮಾಡಿ. ಚೂರು ಚುರುಚುರು ಅಂದರೆ ಪರವಾಗಿಲ್ಲ. ಉರಿ ಅನಿಸಿದರೆ ಟೈಮರ್ ನೋಡುತ್ತಾ ಕೂರಬೇಡಿ, ತೊಳೆಯಿರಿ. ಜಾಸ್ತಿ ಉರಿದರೆ ಜಾಸ್ತಿ ಕೆಲಸ ಮಾಡುತ್ತದೆ ಅನ್ನುವುದು ಸುಳ್ಳು.

ತೊಳೆಯುವಾಗ ಧಾರಾಳ ನೀರು ಹಾಕಿ. ಕೂದಲ ಅಂಚು, ಕಿವಿಯ ಮುಂದೆ, ಗಂಡಸರಾದರೆ ಗಡ್ಡದೊಳಗೆ ಸುರುಳಿ ಸಿಕ್ಕಿಕೊಳ್ಳುತ್ತದೆ. ಮತ್ತೆ ಸೋಪು ಬೇಡ. ಮುಖ ಸ್ವಲ್ಪ ಹಸಿ ಇರುವಾಗಲೇ ಪರಿಮಳ ಇಲ್ಲದ ತೆಳು ಮಾಯಿಶ್ಚರೈಸರ್ ಹಚ್ಚಿ. ಇಷ್ಟು ಬೆವರಿಗೆ ಮಾಯಿಶ್ಚರೈಸರ್ ಯಾಕೆ ಅಂತ ಕೇಳುವವರು ಇದ್ದಾರೆ. ಬೆವರು ಚರ್ಮವನ್ನು ಒದ್ದೆ ಮಾಡುತ್ತದೆ ಅಷ್ಟೇ, ಮೇಲಿನ ಪದರವನ್ನು ದುರಸ್ತಿ ಮಾಡುವುದಿಲ್ಲ. ಆ ರಾತ್ರಿ ವಿಟಮಿನ್ ಸಿ ಸೀರಮ್, ರೆಟಿನಾಲ್, ಬೆನ್ಝಾಯಿಲ್ ಪೆರಾಕ್ಸೈಡ್ ಯಾವುದೂ ಬೇಡ.

ಬೆಳಿಗ್ಗೆ ಎಸ್‌ಪಿಎಫ್ 30 ಅಥವಾ ಮೇಲಿನ ಸನ್‌ಸ್ಕ್ರೀನ್. ಎರಡು ಬೆರಳುದ್ದ ಹಿಂಡಿದರೆ ಮುಖ, ಕುತ್ತಿಗೆಗೆ ಆಗುತ್ತದೆ. ಹೊರಗೆ ಇದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ. ಗ್ಲೈಕಾಲಿಕ್ ಗುಂಪಿನ ಆ್ಯಸಿಡ್ ಬಳಸಿದರೆ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ. ನಿಲ್ಲಿಸಿದ ಮೇಲೂ ಒಂದು ವಾರ ಜಾಗ್ರತೆ ಬೇಕು. ಸನ್‌ಸ್ಕ್ರೀನ್ ಹಚ್ಚುವ ಅಭ್ಯಾಸ ಇಲ್ಲದಿದ್ದರೆ ಆ್ಯಸಿಡ್ ಜೆಲ್ ಕೊಳ್ಳುವುದೇ ಬೇಡ, ಆ ದುಡ್ಡಿಗೆ ಸನ್‌ಸ್ಕ್ರೀನ್ ತನ್ನಿ.

ವಾರಕ್ಕೆ ಎಷ್ಟು ಸಲ?

ಲೇಬಲ್ ಎರಡು ಮೂರು ಸಲ ಅನ್ನುತ್ತದೆ. ಕರಾವಳಿಯವರಿಗೆ ಒಂದು ಸಲ ಸಾಕು ಅಂತ ನನ್ನ ಅಭಿಪ್ರಾಯ. ಸೆಖೆಗೆ ನಾವು ದಿನಕ್ಕೆ ಮೂರು ನಾಲ್ಕು ಸಲ ಮುಖ ತೊಳೆಯುತ್ತೇವೆ. ಉಡುಪಿಯಿಂದ ಮಂಗಳೂರಿಗೆ ಎಕ್ಸ್‌ಪ್ರೆಸ್ ಬಸ್ಸಲ್ಲಿ ಬರುವಾಗ ಕರ್ಚೀಫಿಂದ ಎಷ್ಟು ಸಲ ಮುಖ ಒರೆಸುತ್ತೀರಿ ಲೆಕ್ಕ ಇಡಿ. ಅದೂ ಉಜ್ಜುವುದೇ ಅಲ್ವಾ? ಗಂಡಸರಿಗೆ ಶೇವಿಂಗ್ ಇನ್ನೊಂದು. ಬ್ಲೇಡ್ ಸತ್ತ ಪದರವನ್ನೂ ಎಳೆದುಕೊಂಡು ಹೋಗುತ್ತದೆ. ಶೇವ್ ಮಾಡಿದ ದಿನ ಜೆಲ್ ಬೇಡ. ಥ್ರೆಡಿಂಗ್, ವ್ಯಾಕ್ಸಿಂಗ್‌ಗೆ ಎರಡು ಮೂರು ದಿನ ಮೊದಲು ನಿಲ್ಲಿಸಿ, ಆದ ಮೇಲೂ ಅಷ್ಟೇ ದಿನ ಬಿಡಿ.

ಮಾರ್ಚ್‌ನಿಂದ ಮೇ ತನಕ ಬೀಚಿಗೆ, ಸೈಂಟ್ ಮೇರಿಸ್ ದ್ವೀಪಕ್ಕೆ ಹೋಗುವ ಪ್ಲಾನ್ ಇದ್ದರೆ ಆ ವಾರ ಜೆಲ್ ಒಳಗಿಡಿ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಬಿಸಿಲೇ ಇಲ್ಲ, ಸನ್‌ಸ್ಕ್ರೀನ್ ಯಾಕೆ ಅನಿಸುತ್ತದೆ. ಮೋಡದ ಮೂಲಕವೂ ಯುವಿ ಕಿರಣ ಸಾಕಷ್ಟು ಇಳಿಯುತ್ತದೆ. ಡಿಸೆಂಬರ್, ಜನವರಿಯ ಬೆಳಗಿನ ಒಣ ಗಾಳಿಗೆ ತುಟಿ ಒಡೆಯುವವರು ಹದಿನೈದು ದಿನಕ್ಕೊಮ್ಮೆ ಮಾಡಿದರೆ ಸಾಕು.

ಮದುವೆ, ಬಣ್ಣ, ವೇಷ

ಮದುವೆ ಹತ್ತಿರ ಬಂದಾಗಲೇ ಹೊಸ ಟ್ಯೂಬ್ ಕೊಳ್ಳುವ ಆಸೆ ಬರುವುದು. ಮೆಹಂದಿಗೆ ಎರಡು ದಿನ ಇರುವಾಗ ಮೊದಲ ಸಲ ಜೆಲ್ ಹಚ್ಚಿ ಮುಖ ಕೆಂಪಾದರೆ ಮೇಕಪ್ ಕೂಡ ಕೂರುವುದಿಲ್ಲ. ಹೊಸದು ಏನೇ ಇದ್ದರೂ ಒಂದೂವರೆ, ಎರಡು ತಿಂಗಳು ಮೊದಲು ಶುರು ಮಾಡಿ. ಕೊನೆಯ ಒಂದು ವಾರ ಏನೂ ಬೇಡ. ಕ್ಯಾಥೊಲಿಕ್ ಮನೆಗಳ ಮದುವೆ ಮುಂಚಿನ ಶಾಸ್ತ್ರವಾದ ರೋಸ್‌ನಲ್ಲಿ ತೆಂಗಿನ ಹಾಲು, ಎಣ್ಣೆ ಹಚ್ಚುತ್ತಾರೆ, ಹಿಂದೂ ಮನೆಗಳಲ್ಲಿ ಅರಶಿನ ಎಣ್ಣೆ. ಬಂಧುಗಳೆಲ್ಲ ಒಬ್ಬೊಬ್ಬರಾಗಿ ಬಂದು ಮುಖಕ್ಕೆ ಹಚ್ಚಿ ತಿಕ್ಕಿದ ಮೇಲೆ, ಅದನ್ನು ತೆಗೆಯಲು ಎಕ್ಸ್‌ಫೋಲಿಯೇಟರ್ ಎತ್ತಿಕೊಳ್ಳಬೇಡಿ. ಮೆದುವಾದ ಫೇಸ್‌ವಾಶ್ ಎರಡು ಸಲ ಹಾಕಿ ತೊಳೆದರೆ ಎಣ್ಣೆ ಹೋಗುತ್ತದೆ. ಅರಶಿನದ ಹಳದಿ ಒಂದೆರಡು ದಿನ ಇದ್ದರೆ ಇರಲಿ, ಮದುಮಗಳಿಗೆ ಅದೂ ಚೆಂದವೇ.

ಯಕ್ಷಗಾನದ ಹವ್ಯಾಸಿಗಳು, ಹುಲಿವೇಷ ಹಾಕುವ ಹುಡುಗರು ಇದನ್ನು ಓದುತ್ತಿದ್ದರೆ ಅವರಿಗೊಂದು ಮಾತು. ಚೌಕಿಯಲ್ಲಿ (ಬಣ್ಣ ಹಚ್ಚುವ ಕೋಣೆಯಲ್ಲಿ) ತೆಂಗಿನೆಣ್ಣೆ ಹಚ್ಚಿ ಬಣ್ಣ ಕರಗಿಸಿ ಒರೆಸುವುದು ಒಳ್ಳೆಯ ಕ್ರಮ. ಆದರೆ ಬೆಳಗಿನ ಜಾವ, ನಿದ್ದೆಗಣ್ಣಲ್ಲಿ, ದೊರಗು ಬೈರಾಸಿನಲ್ಲಿ ಗಸಗಸ ತಿಕ್ಕಿರುತ್ತೀರಿ. ಅಲ್ಲಿಗೆ ಆ ವಾರದ ಎಕ್ಸ್‌ಫೋಲಿಯೇಶನ್ ಮುಗಿಯಿತು. ಹುಲಿವೇಷದ ಪೈಂಟನ್ನು ಸೀಮೆಎಣ್ಣೆ, ಥಿನ್ನರ್ ಹಾಕಿ ತೆಗೆದ ಚರ್ಮಕ್ಕಂತೂ ಒಂದೆರಡು ವಾರ ಮಾಯಿಶ್ಚರೈಸರ್ ಬಿಟ್ಟು ಬೇರೇನೂ ಬೇಡ.

ಅಡುಗೆಮನೆಯ ಪ್ರಯೋಗಗಳ ಬಗ್ಗೆ ಚುಟುಕಾಗಿ ಹೇಳುವುದಾದರೆ: ಲಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪಾಗುತ್ತದೆ. ಅಡುಗೆ ಸೋಡಾ ಕ್ಷಾರ, ಚರ್ಮ ಸ್ವಲ್ಪ ಆಮ್ಲೀಯ, ಎರಡಕ್ಕೂ ಆಗಿ ಬರುವುದಿಲ್ಲ. ಬಪ್ಪಂಗಾಯಿಯ ಹಸಿ ಹಾಲು ಮಾಂಸ ಮೆದು ಮಾಡಲು ಬಳಸುವ ವಸ್ತು, ಮುಖಕ್ಕೆ ಬೇಡ. ಕಡ್ಲೆಹಿಟ್ಟು, ಹೆಸರುಹಿಟ್ಟು ನುಣ್ಣಗೆ ಇದ್ದರೆ, ತಿಕ್ಕದೆ ತೊಳೆದರೆ ತೊಂದರೆ ಇಲ್ಲ.

ಕೆಟ್ಟರೆ

ಅತಿಯಾಯಿತು ಅನ್ನುವುದಕ್ಕೆ ಮೊದಲ ಗುರುತು ಉರಿ. ಬರೀ ನೀರು ಹಾಕಿದರೂ, ಎಂದಿನ ಮಾಯಿಶ್ಚರೈಸರ್ ಹಚ್ಚಿದರೂ ಚುರ್ ಅನ್ನುತ್ತದೆ. ಮುಖ ಬಿಗಿದಂತೆ, ಮೇಣ ಹಚ್ಚಿದಂತೆ ಹೊಳೆಯುತ್ತದೆ. ಕೆಲವರು ಅದನ್ನೇ ಗ್ಲೋ ಅಂದುಕೊಂಡು ಇನ್ನಷ್ಟು ಹಚ್ಚುತ್ತಾರೆ. ಸಿಪ್ಪೆ ಎದ್ದರೆ, ಅದನ್ನು ತೆಗೆಯಲು ಮತ್ತೆ ಅದೇ ಜೆಲ್. ಇಲ್ಲೇ ಹೆಚ್ಚಿನವರು ಸಿಕ್ಕಿಬೀಳುವುದು.

ಎಲ್ಲ ನಿಲ್ಲಿಸಿ. ಸೀರಮ್, ಸ್ಕ್ರಬ್, ಫೇಸ್‌ಪ್ಯಾಕ್, ಎಲ್ಲ. ಮೆದುವಾದ ಫೇಸ್‌ವಾಶ್ ರಾತ್ರಿ ಒಂದು ಸಲ, ಪರಿಮಳ ಇಲ್ಲದ ಮಾಯಿಶ್ಚರೈಸರ್, ಹಗಲು ಸನ್‌ಸ್ಕ್ರೀನ್. ತುಂಬ ಒಣಗಿದ ಜಾಗಕ್ಕೆ ರಾತ್ರಿ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ. ಮುಖಕ್ಕೆ ತೆಂಗಿನೆಣ್ಣೆ ಕೆಲವರಿಗೆ ಮೊಡವೆ ತರುತ್ತದೆ, ಹಾಗಾಗಿ ಅದನ್ನು ಈ ಸಮಯದಲ್ಲಿ ಪ್ರಯೋಗ ಮಾಡಬೇಡಿ. ಎರಡರಿಂದ ನಾಲ್ಕು ವಾರದಲ್ಲಿ ಹೆಚ್ಚಾಗಿ ಸರಿಯಾಗುತ್ತದೆ. ಜೆಲ್ ಕಣ್ಣಿಗೆ ಹೋದರೆ ಕಣ್ಣು ತಿಕ್ಕದೆ ಹದಿನೈದು ನಿಮಿಷ ಧಾರೆಯಾಗಿ ಶುದ್ಧ ನೀರು ಬಿಡಿ, ಲೆನ್ಸ್ ಇದ್ದರೆ ತೆಗೆಯಿರಿ. ಆಮೇಲೂ ಮಂಜಾಗಿ ಕಂಡರೆ, ನೋವಿದ್ದರೆ ಕಣ್ಣಿನ ಡಾಕ್ಟರನ್ನು ಅದೇ ದಿನ ನೋಡಿ.

ಮುಖ ಊದಿದರೆ, ನೀರು ಗುಳ್ಳೆ ಎದ್ದರೆ, ರಸ ಒಸರಿದರೆ ಮನೆಮದ್ದಿಗೆ ಕೂರಬೇಡಿ. ತುಟಿ, ನಾಲಿಗೆ ಊದಿ ಉಸಿರಾಟಕ್ಕೆ ಕಷ್ಟ ಆದರೆ ನೇರ ತುರ್ತು ವಿಭಾಗಕ್ಕೆ. ಉಳಿದದ್ದಕ್ಕೆ ಚರ್ಮದ ವಿಭಾಗ ಸಾಕು. ಮಂಗಳೂರಿನವರಿಗೆ ಸರಕಾರಿ ವೆನ್ಲಾಕ್ ಆಸ್ಪತ್ರೆ ಉಂಟು, ಉಡುಪಿಯ ಕಡೆಯವರಿಗೆ ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆ ಹತ್ತಿರ. ಹೋಗುವಾಗ ಟ್ಯೂಬನ್ನೂ, ಅದು ಬಂದ ಪೆಟ್ಟಿಗೆಯನ್ನೂ ತೆಗೆದುಕೊಂಡು ಹೋಗಿ. ಮುಖಕ್ಕೆ ಬೇರೆ ಕ್ರೀಮ್ ಹಚ್ಚುತ್ತಿದ್ದರೆ ಅದನ್ನೂ ಚೀಲಕ್ಕೆ ಹಾಕಿ, ಪಾರ್ಲರಿನವರು ಕೊಟ್ಟ ಹೆಸರಿಲ್ಲದ ಡಬ್ಬಿ ಸಮೇತ. ಡಾಕ್ಟರು ಮೊದಲು ಕೇಳುವುದೇ ಅದು.